ಬಾವುಟ ಬಿದ್ದ ಮೇಲೆ

ವಿಶ್ವವಿದ್ಯಾಲಯದಿಂದ ಒಬ್ಬ ಹುಡುಗಿ ಕಾಗದದ ಕಟ್ಟು ಹಿಡಿದು ನಮ್ಮೂರಿಗೆ ಬಂದಿದ್ದು ಮಾರ್ಚ್ ತಿಂಗಳ ಕೊನೆಯ ಶನಿವಾರ. ಶನಿವಾರ ಸಂಜೆ ಫೈರ್ ಸ್ಟೇಷನ್ನಿನಲ್ಲಿ ಊರಿನವರಿಗೆಲ್ಲ ಬೀನ್ಸ್ ಕಾಳಿನ ಊಟ. ಆಂಬುಲೆನ್ಸಿನಲ್ಲಿ ಕೆಲಸ ಮಾಡುವ ಶಾಲೆಯ ಮಕ್ಕಳು ತಟ್ಟೆ ಹಿಡಿದು ಒಂದು ಮೂಲೆಯ ಮೇಜಿಗೆ ಕೂತಿದ್ದರು. ಅವಳು ನೇರವಾಗಿ ಅಲ್ಲಿಗೇ ಹೋಗಿ ಒಬ್ಬೊಬ್ಬರಿಗೆ ಒಂದೊಂದು ಕಾಗದ ಕೊಟ್ಟಳು.

"ನನಗಿಲ್ವಾ?" ಎಂದು ಕೇಳಿದೆ.

"ನಿಮ್ಮ ವಯಸ್ಸು?"

"ಐವತ್ತೊಂಬತ್ತು."

"ಇದು ಇಪ್ಪತ್ತರ ಒಳಗಿನವರಿಗೆ ಮಾತ್ರ," ಎಂದು ನಯವಾಗಿ ನಕ್ಕು ಕಟ್ಟನ್ನು ಎದೆಗವಚಿಕೊಂಡಳು. ನಾನೇನು ಕಿತ್ತುಕೊಳ್ಳುತ್ತಿದ್ದೆನೆ! ಆದರೂ ಮುಂದಿನ ಕಾಲದ ವಿಷಯದಲ್ಲಿ ನನ್ನಂಥವಳ ಮಾತು ಯಾರಿಗೂ ಬೇಡ ಎಂದು ಮುಖಕ್ಕೆ ಹೇಳಿಸಿಕೊಂಡಂತಾಗಿ ನನಗೆ ಸಿಟ್ಟು ಬಂತು. ಆ ಮಕ್ಕಳಲ್ಲೊಬ್ಬನಾದ ಟ್ಯಾನರ್‌ನ ಭುಜದ ಮೇಲಿಂದ ಬಗ್ಗಿ ಓದಿಯೇ ಓದಿದೆ.

ಪ್ರಶ್ನೆ ಇಷ್ಟೇ. ಇವತ್ತು ನೂರು ಜನರ ಪ್ರಾಣ ಉಳಿಸುವ ಕೆಲಸ ಒಂದು. ಇಪ್ಪತ್ತು ವರ್ಷದ ಮೇಲೆ ಪ್ರಾಣ ಉಳಿಸುವ ಕೆಲಸ ಇನ್ನೊಂದು. ಒಂದನ್ನು ಮಾತ್ರ ಮಾಡಲು ಸಾಧ್ಯ. ಆಗ ಎಷ್ಟು ಜನ ಉಳಿಯುವುದಾದರೆ ನೀನು ಇವತ್ತಿನ ನೂರು ಜನರನ್ನು ಬಿಟ್ಟುಕೊಡುತ್ತೀಯೆ? ಕೆಳಗೆ ಒಂದು ಖಾಲಿ ಚೌಕ, ಸಂಖ್ಯೆ ಬರೆಯಲಿಕ್ಕೆ.

ಟ್ಯಾನರ್ ಮಿಶೊ ಆ ಚೌಕದಲ್ಲಿ ಟೋಪಿ ಹಾಕಿಕೊಂಡ ಆಲೂಗಡ್ಡೆಯ ಚಿತ್ರ ಬರೆದ. ಹದಿನೆಂಟರ ಹುಡುಗ, ಮೈಯೆಲ್ಲ ಗಟ್ಟಿ, ಓದು ಮಾತ್ರ ಅಷ್ಟಕ್ಕಷ್ಟೆ. "ಇಪ್ಪತ್ತು ವರ್ಷ ಆದ್ಮೇಲೆ ಸಾಯೋನಿಗೆ ಮುಖಾನೇ ಇಲ್ವಲ್ಲ ಮತಾಂತ್. ಇವತ್ತು ಸಾಯೋನು ನಮ್ಮೂರೋನು," ಎಂದ. ಊರಿನ ಮಕ್ಕಳಿಗೆಲ್ಲ ನಾನು ಮತಾಂತ್ ಒಡೆಟ್, ಅಂದರೆ ಒಡೆಟ್ ಚಿಕ್ಕಮ್ಮ.

ಅವನ ಎದುರಿಗೆ ಕೂತಿದ್ದ ಕೊರಿನ್ ಡೇಗಲ್ ಒಂದು ಕ್ಷಣವೂ ಯೋಚಿಸಲಿಲ್ಲ. ಚೌಕದಲ್ಲಿ ದುಂಡಗೆ 101 ಎಂದು ಬರೆದಳು.

"ಒಬ್ಬರು ಜಾಸ್ತಿ ಆದ್ರೆ ಸಾಕೇನೆ?" ಎಂದೆ.

"ಸಾಕು. ಆಗಿನೋರೇನು ಮನುಷ್ಯರಲ್ವಾ? ಈಗ ಕಣ್ಣಿಗೆ ಕಾಣ್ತಿಲ್ಲ ಅಷ್ಟೇ."

"ಅಯ್ಯೋ ಲೆಕ್ಕದ ಮೇಷ್ಟ್ರೇ, ನಿನ್ ಕೈಗೆ ಸಿಕ್ಕಿಹಾಕ್ಕೊಂಡೋನ ಗತಿ ದೇವರೇ ಕಾಪಾಡ್ಬೇಕು," ಎಂದ ಟ್ಯಾನರ್. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ನೆನಪಾದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ.

ಕೊರಿನ್ ಹಾಗೆ ಬರೆದಿದ್ದಕ್ಕೆ ಕಾರಣ ಇತ್ತು, ಅದು ನನಗೆ ಗೊತ್ತಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳ ತಮ್ಮನಿಗೆ ಉಬ್ಬಸ ಜೋರಾಯಿತು. ಆಗ ಊರಿನ ಒಂದೇ ಆಂಬುಲೆನ್ಸ್ ನದಿಯ ಆಚೆ ದಡದಲ್ಲಿ, ಕಾಲು ಉಳುಕಿಸಿಕೊಂಡ ಕುಡುಕನೊಬ್ಬನನ್ನು ಹತ್ತಿಸಿಕೊಳ್ಳುತ್ತಿತ್ತು. ನಾವು ವಾಪಸ್ ಬರುವಷ್ಟರಲ್ಲಿ ಮಗು ತಣ್ಣಗಾಗಿತ್ತು. ಆ ದಿನ ಗಾಡಿ ಓಡಿಸುತ್ತಿದ್ದವಳು ನಾನೇ. ಡೇಗಲ್ ಮನೆಯವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಹದಿನಾರು ತುಂಬಿದ ದಿನವೇ ಕೊರಿನ್ ಫೈರ್ ಸ್ಟೇಷನ್ನಿಗೆ ಬಂದು ಹೆಸರು ಬರೆಸಿದಳು. ಹದಿನೇಳಕ್ಕೆ ಹಗಲು ಪಾಳಿಯ ಮುಖ್ಯಸ್ಥೆಯಾದಳು.

ಹಗಲು ಪಾಳಿಯೆಂದರೆ ನಮ್ಮಲ್ಲಿ ಶಾಲೆಯ ಮಕ್ಕಳೇ. ದೊಡ್ಡವರೆಲ್ಲ ಬೆಳಗಾಗುತ್ತಲೇ ಕಾಡಿಗೆ ಮರ ಕಡಿಯಲು, ಇಲ್ಲವೇ ಗಿರಣಿಗೆ ಹೋಗಿಬಿಡುತ್ತಾರೆ. ಶಾಲೆ ಫೈರ್ ಸ್ಟೇಷನ್ನಿನ ಎದುರಿಗೇ ಇದೆ. ಸೊಂಟದ ಪೇಜರ್ ಕಿರುಚಿದರೆ ಪಾಠ ಬಿಟ್ಟು ಮೂವರು ಓಡಿ ಬರುತ್ತಾರೆ. ಗಾಡಿ ನಡೆಸಲಿಕ್ಕೆ ಒಬ್ಬರು ದೊಡ್ಡವರು ಬೇಕು, ಅದು ನಾನು. ಆದರೆ ಹೋಗಬೇಕೇ ಬೇಡವೇ ಎಂಬುದನ್ನು ಸ್ಟ್ರೆಚರ್ ಹೊರುವ ಮೂವರೇ ಕೈ ಎತ್ತಿ ತೀರ್ಮಾನಿಸಬೇಕು. ಈ ಪದ್ಧತಿ ಮೊದಲಿನಿಂದಲೂ ಇದೆ. ಚಾವಿ ನನ್ನದು, ಮಾತು ಅವರದು. ಅದು ಒಳ್ಳೆಯ ಪದ್ಧತಿ ಎಂದು ನಾನು ಬಂದವರ ಮುಂದೆಲ್ಲ ಜಂಬ ಕೊಚ್ಚುತ್ತಿದ್ದೆ.

ಬಾವುಟದ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಚಳಿಗಾಲದಲ್ಲಿ ನದಿ ಹೆಪ್ಪುಗಟ್ಟಿದ ಮೇಲೆ ನಡುವೆ ಕೆಂಪು ಬಣ್ಣದ ಸಿಮೆಂಟ್ ಬ್ಲಾಕ್ ಒಂದನ್ನು ಇಡುತ್ತಾರೆ. ಅದಕ್ಕೆ ಕಟ್ಟಿದ ಹಗ್ಗ ಆಚೆ ದಡದ ಅಂಗಳವೊಂದರ ಕಂಬಕ್ಕೆ ಬರುತ್ತದೆ, ಕಂಬದ ಮೇಲೆ ಕಿತ್ತಳೆ ಬಾವುಟ. ವಸಂತದಲ್ಲಿ ಹಿಮಗಡ್ಡೆ ಒಡೆದು ಹೊರಟಾಗ ಬ್ಲಾಕ್ ಹಗ್ಗವನ್ನು ಎಳೆಯುತ್ತದೆ, ಕೀಲು ಕಳಚುತ್ತದೆ, ಬಾವುಟ ಬೀಳುತ್ತದೆ. ಯಾವ ದಿನ ಬೀಳುತ್ತದೆಂದು ಊರವರೆಲ್ಲ ಮೊದಲೇ ಚೀಟಿ ಬರೆದು ಹಾಕಿರುತ್ತಾರೆ. ಸರಿಯಾಗಿ ಬರೆದವರಿಗೆ ಚರ್ಚಿನ ಹೆಂಗಸರು ಹೊಲಿದ ಕೌದಿ. ಆಟವೆಂದರೆ ಆಟ. ಆದರೆ ಬಾವುಟ ಬಿತ್ತೆಂದರೆ ಯಾರೂ ಸೇತುವೆಗೆ ಕಾಲಿಡುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಬಾವುಟ ಬಿದ್ದ ಇಪ್ಪತ್ತು ನಿಮಿಷಕ್ಕೆ ಹಿಮಗಡ್ಡೆ ಬಂದು ಸೇತುವೆಯ ಎರಡು ಕಂಬ ಮುರಿದು ಕೊಂಡೊಯ್ದಿತ್ತು. ಏಳು ವಾರ ಆಚೆಯವರು ಆಚೆ, ಈಚೆಯವರು ಈಚೆ.

ಆ ಕಂಬ ಇರುವುದು ಓರೆಲ್ ಬೊಸೆಯ ಅಂಗಳದಲ್ಲಿ. ಓರೆಲ್ ನನ್ನ ತೀರಿಹೋದ ಗಂಡನ ಅಣ್ಣ, ನನಗೆ ಭಾವ. ಎಪ್ಪತ್ನಾಲ್ಕು ವರ್ಷ, ಒಂಟಿ ಜೀವ, ಬಾಯಿ ತೆರೆದರೆ ಕೊಂಕು. "ನೀನು ಗಾಡಿ ಓಡಿಸೋ ಚಂದಕ್ಕೆ ಅರ್ಧ ರೋಗಿಗಳು ಹೆದ್ರಿ ವಾಸಿ ಆಗ್ತಾರೆ" ಎನ್ನುತ್ತಿದ್ದ. ಗಂಡ ಸತ್ತ ವರ್ಷ ಇಡೀ ಚಳಿಗಾಲ ನನ್ನ ಮನೆಯ ಮುಂದಿನ ಹಿಮ ತೆಗೆದವನು ಅವನೇ. ಒಮ್ಮೆಯೂ ಬಾಗಿಲು ತಟ್ಟಿ, ನೋಡು ತೆಗೆದಿದ್ದೇನೆ ಎಂದು ಹೇಳಲಿಲ್ಲ.

ಏಪ್ರಿಲ್ ಹದಿನಾಲ್ಕು, ಮಂಗಳವಾರ. ಎರಡು ದಿನದಿಂದ ಬಿಸಿ ಗಾಳಿ, ಹಿಮದ ಮೇಲೆ ದಟ್ಟ ಮಂಜು ಎದ್ದಿತ್ತು. ನದಿ ಕಾಣುತ್ತಿರಲಿಲ್ಲ, ಸೇತುವೆ ಕಾಣುತ್ತಿರಲಿಲ್ಲ. ಆಚೆ ದಡ ಎತ್ತರವಾದ್ದರಿಂದ ಕಂಬದ ತುದಿ, ಅದರ ಮೇಲಿನ ಕಿತ್ತಳೆ ಬಾವುಟ ಮಾತ್ರ ಮಂಜಿನ ಮೇಲೆ ತೇಲುತ್ತಿತ್ತು. ಹಿಮಗಡ್ಡೆ ಒಳಗೊಳಗೇ ಗುಡುಗುಟ್ಟುತ್ತಿತ್ತು. ನನ್ನ ನಾಯಿ ಬೆಳಗಿನಿಂದ ಹಾಸಿಗೆಯ ಕೆಳಗಿಂದ ಹೊರಬಂದಿರಲಿಲ್ಲ.

ಹತ್ತು ಇಪ್ಪತ್ತೈದಕ್ಕೆ ಬಾವುಟ ಬಿತ್ತು. ಫೈರ್ ಸ್ಟೇಷನ್ನಿನ ಕಿಟಕಿಯಿಂದ ನಾನೇ ನೋಡಿದೆ. ಇತ್ತು, ಇಲ್ಲವಾಯಿತು. ಎದುರಿನ ಶಾಲೆಯಲ್ಲಿ ಮಕ್ಕಳು ಹೋ ಎಂದು ಕೂಗಿದರು. ಬೀದಿಯಲ್ಲಿ ಕಾರುಗಳು ಹಾರ್ನ್ ಬಾರಿಸಿದವು. ಶೆರಿಫ್ ಕಚೇರಿಯ ಪೊಲೀಸ್ ಹುಡುಗ ಸೇತುವೆಗೆ ಅಡ್ಡಗೋಲು ಇಡಲು ಹೋದ.

ಹದಿನೈದು ನಿಮಿಷವಾಗಿರಲಿಲ್ಲ, ಪೇಜರ್ ಕಿರುಚಿತು. ಮೂವರು ಓಡಿ ಬಂದರು. ಎಲ್ಲರಿಗಿಂತ ಚಿಕ್ಕವಳು ಎಸ್ಮೆ, ಹದಿನಾರು ತುಂಬಿ ಎರಡು ತಿಂಗಳು. ಅವಳು ನಗುತ್ತಲೇ ಬಂದಳು.

"ಹದಿನಾಲ್ಕು ಅಂತ ಬರೆದಿದ್ದೆ ಮತಾಂತ್! ಕೌದಿ ನಂದೇ!"

"ಸುಮ್ನಿರೇ," ಎಂದಳು ಕೊರಿನ್. ಆಗಲೇ ಅವಳ ಕೈಯಲ್ಲಿ ಫೋನ್ ಇತ್ತು. ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

ಮಾತಾಡುತ್ತಿದ್ದವಳು ಓರೆಲ್‌ನ ಪಕ್ಕದ ಮನೆಯ ಬ್ಲಾನ್ಶ್, ಅವಳಿಗೂ ಎಪ್ಪತ್ತು. "ಬಾವುಟ ಬಿತ್ತಲ್ಲ ಅಂತ ಆಚೆ ಬಂದೆ ಕಣಮ್ಮ. ಕಂಬದ ಬುಡದಲ್ಲಿ ಬಿದ್ದಿದಾನೆ. ಎದೆ ಹಿಡ್ಕೊಂಡಿದಾನೆ. ಬೆವರೋ ಬೆವರು. ಉಸಿರಿದೆ, ಮಾತಿಲ್ಲ. ಬೇಗ ಬನ್ರಮ್ಮಾ."

"ಆಸ್ಪಿರಿನ್ ಇದ್ಯಾ? ಒಂದು ಬಾಯಿಗೆ ಹಾಕಿ, ಅಗೀಲಿ. ನದಿ ಹೊರಟಿದ್ಯಾ? ನಿಮಗೆ ಕಾಣ್ತಿದ್ಯಾ?"

"ಮಂಜು ತಾಯಿ, ಬೇಲೀನೇ ಕಾಣ್ತಿಲ್ಲ. ಗುಡುಗ್ತಿದೆ."

ಕೊರಿನ್ ರೇಡಿಯೋದಲ್ಲಿ ಸೇತುವೆಯ ಹುಡುಗನನ್ನು ಕೇಳಿದಳು. ಕೆಳಗೆ ಏನೂ ಕಾಣುತ್ತಿಲ್ಲ, ಸದ್ದು ಮಾತ್ರ, ನೀವು ಬಂದರೆ ಅಡ್ಡಗೋಲು ಎತ್ತುತ್ತೇನೆ, ನಾನಂತೂ ಬನ್ನಿ ಅನ್ನುವುದಿಲ್ಲ ಎಂದ. ಹೆಲಿಕಾಪ್ಟರಿನವರು ಈ ಮಂಜಿನಲ್ಲಿ ಹಾರುವುದಿಲ್ಲ ಎಂದರು. ನಾನು ಆಗಲೇ ಚಾವಿ ಹಿಡಿದು ನಿಂತಿದ್ದೆ.

"ಹೋಗೋಣ," ಎಂದ ಟ್ಯಾನರ್. "ಒಂಬತ್ತು ನಿಮಿಷದ ದಾರಿ."

"ಬಾವುಟ ಬಿದ್ದು ಹದಿನೆಂಟು ನಿಮಿಷ ಆಯ್ತು," ಎಂದಳು ಕೊರಿನ್. "ಹೋಗ್ಬಹುದು, ಬರೋದು? ಸೇತುವೆ ಹೋದ್ರೆ ಗಾಡಿ ಏಳು ವಾರ ಆಚೆ. ಈಚೆ ಒಂಬೈನೂರು ಜನ. ವೃದ್ಧಾಶ್ರಮದಲ್ಲಿ ಮೂವತ್ತೊಂದು. ಲೀಸ್ ಪೆಲ್ಟಿಯೆಗೆ ಈ ವಾರ ಹೆರಿಗೆ. ಪಕ್ಕದೂರಿನ ಗಾಡಿ ಬರ್ಬೇಕಾದ್ರೆ ಐವತ್ತು ನಿಮಿಷ."

"ಅವ್ರಿಗೆಲ್ಲ ಏನೂ ಆಗಿಲ್ವಲ್ಲೇ! ಇವ್ನಿಗೆ ಆಗಿದೆ!"

"ಆಗುತ್ತೆ. ಏಳು ವಾರದಲ್ಲಿ ಆಗೇ ಆಗುತ್ತೆ. ಹೋದ ವರ್ಷ ಇದೇ ಏಳು ವಾರದಲ್ಲಿ ಹನ್ನೆರಡು ಕರೆ, ಅದ್ರಲ್ಲಿ ನಾಲ್ಕು ನಾವಿಲ್ದಿದ್ರೆ ಹೋಗ್ತಿದ್ರು."

"ಸರಿ, ಗಾಡಿ ಇಲ್ಲೇ ಇರ್ಲಿ. ನಾನು ಚೀಲ ಹೊತ್ಕೊಂಡು ನಡ್ಕೊಂಡ್ ಹೋಗ್ತೀನಿ."

"ಸೇತುವೆ ದಾಟಿ ಮೂರು ಕಿಲೋಮೀಟರ್, ಮೊಣಕಾಲುದ್ದ ಕೆಸರು. ವಾಪಸ್ ಹೊತ್ಕೊಂಡು ಬರೋರ್ಯಾರು? ನೀನು ನೀರಿಗೆ ಬಿದ್ರೆ ನಿನ್ನನ್ನ ಎತ್ತೋರ್ಯಾರು?" ಕೊರಿನ್‌ಳ ದನಿ ಏರಲಿಲ್ಲ. "ಕೈ ಎತ್ತಿ. ಹೋಗೋದು?"

ಟ್ಯಾನರ್‌ನ ಕೈ ಮೇಲೆ ಹೋಯಿತು.

"ಬೇಡ?" ಎಂದು ಕೊರಿನ್ ತನ್ನ ಕೈ ಎತ್ತಿದಳು.

ಉಳಿದವಳು ಎಸ್ಮೆ. ಅವಳ ಮುಖದಲ್ಲಿ ಇನ್ನೂ ಕೌದಿ ಗೆದ್ದ ಖುಷಿಯ ಕೆಂಪು ಆರಿರಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಒಂದು ಹುಬ್ಬು ಎತ್ತಿದ್ದರೆ ಸಾಕಿತ್ತು. ಅಷ್ಟು ಚಿಕ್ಕ ಹುಡುಗಿ, ದೊಡ್ಡವರು ಏನನ್ನುತ್ತಾರೋ ನೋಡುತ್ತಿದ್ದಳು.

ನಾನು ಕಿಟಕಿಯ ಕಡೆ ತಿರುಗಿದೆ.

ಯಾಕೆಂದು ಈಗ ಹೇಳಿಬಿಡುತ್ತೇನೆ. ನನಗೆ ಆ ಸೇತುವೆಯ ಮೇಲೆ ಗಾಡಿ ಓಡಿಸಲು ಭಯವಾಗಿತ್ತು. ಮಕ್ಕಳೇ ಬೇಡವೆಂದರೆ ಸಾಕು ಎಂದುಕೊಂಡೆ. ಪದ್ಧತಿ ಇದೆಯಲ್ಲ, ಚಾವಿ ನನ್ನದು, ಮಾತು ಅವರದು. ಎಸ್ಮೆಯ ಕೈ ಕೊರಿನ್‌ಳ ಕಡೆಗೆ ಎದ್ದಾಗ ನನ್ನ ಎದೆ ಹಗುರಾಯಿತು. ಹಿಮ ತೆಗೆದುಕೊಟ್ಟ ಭಾವ ಅಲ್ಲಿ ಕೆಸರಿನಲ್ಲಿ ಬಿದ್ದಿದ್ದಾನೆ, ಇಲ್ಲಿ ನನಗೆ ಹಗುರ.

ಕೊರಿನ್ ಕುರ್ಚಿ ಎಳೆದುಕೊಂಡು ಫೋನಿನ ಮುಂದೆ ಕೂತಳು. "ಬ್ಲಾನ್ಶ್ ಅಜ್ಜಿ, ಸೇತುವೆ ಮುಚ್ಚಿದೆ. ನಾನು ನಿಮ್ ಜೊತೆ ಫೋನಲ್ಲೇ ಇರ್ತೀನಿ. ಬೆಚ್ಚಗಿರೋದು ಏನಾದ್ರೂ ಹೊದ್ದಿಸಿ." ಬ್ಲಾನ್ಶ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೂಂ ಕಣಮ್ಮ" ಎಂದಳು. ಓರೆಲ್‌ನ ಮನೆಯೊಳಗೆ ಹೋಗಿ ಕೈಗೆ ಸಿಕ್ಕಿದ್ದನ್ನು ತಂದಳು.

ಹನ್ನೊಂದೂ ಹತ್ತಕ್ಕೆ ಉಸಿರು ನಿಂತಿತು. ಆಮೇಲೆ ನಲವತ್ತು ನಿಮಿಷ ಕೊರಿನ್ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಜೋರಾಗಿ ಒತ್ತಿ ಅಜ್ಜಿ, ನಿಲ್ಲಿಸ್ಬೇಡಿ. ಫೋನಿನ ಆ ತುದಿಯಲ್ಲಿ ಎಪ್ಪತ್ತು ವರ್ಷದ ಹೆಂಗಸು ಏದುಸಿರು ಬಿಡುತ್ತ ಒತ್ತುತ್ತಿದ್ದಳು. ಟ್ಯಾನರ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. ಎಸ್ಮೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಹನ್ನೊಂದೂ ಐವತ್ತಕ್ಕೆ ಬ್ಲಾನ್ಶ್ ಹೇಳಿದಳು, "ಸಾಕು ಮಗಾ. ಹೋಗಿದಾನೆ. ನನ್ನ ಕೈ ಸೋತ್ಹೋಯ್ತು."

ಮಧ್ಯಾಹ್ನ ಒಂದು ಗಂಟೆಗೆ ಮಂಜು ಕರಗಿತು. ನಾವು ನಾಲ್ವರೂ ಕಿಟಕಿಯ ಬಳಿ ನಿಂತಿದ್ದೆವು. ನದಿ ಈ ದಡದಿಂದ ಆ ದಡದವರೆಗೆ ಬೆಳ್ಳಗೆ, ಒಂದು ಬಿರುಕೂ ಇಲ್ಲದೆ ಮಲಗಿತ್ತು. ನಡುವೆ ಕೆಂಪು ಬ್ಲಾಕ್ ಇಟ್ಟಲ್ಲೇ ಇತ್ತು.

ಕೊರಿನ್ ಕಿಟಕಿಯ ಗಾಜಿಗೆ ಬೆರಳು ತಾಗಿಸಿ ಬ್ಲಾಕನ್ನು ತುಂಬ ಹೊತ್ತು ನೋಡಿದಳು. ಆಮೇಲೆ, "ಐಸ್ ಸ್ವಲ್ಪ ಜರುಗಿ ನಿಂತಿರ್ಬೇಕು," ಎಂದಳು.

ನಾನೂ ಟ್ಯಾನರೂ ಗಾಡಿ ತೆಗೆದುಕೊಂಡು ಹೊರಟೆವು. ಹೋಗಲು ಒಂಬತ್ತು ನಿಮಿಷ ಹಿಡಿಯಿತು. ಎಣಿಸಬಾರದು ಎಂದುಕೊಂಡರೂ ಎಣಿಸಿದೆ.

ಓರೆಲ್ ಕಂಬದ ಬುಡದಲ್ಲಿ ಅಂಗಾತ ಮಲಗಿದ್ದ. ಮೇಲೆ ಹೊದ್ದಿಸಿದ್ದು ಆ ವರ್ಷದ ಕೌದಿ, ಗೆದ್ದವರಿಗೆ ಕೊಡಲೆಂದು ಅವನ ಮನೆಯಲ್ಲಿಟ್ಟಿದ್ದು. ಕೌದಿ ಸರಿಸಿದಾಗ ಬಲಗೈ ಕಂಡಿತು. ಮುಷ್ಟಿಯೊಳಗೆ ಹಗ್ಗ. ಎರಡು ಸುತ್ತು ಸುತ್ತಿಕೊಂಡು ಬಿಗಿಯಾಗಿ ಹಿಡಿದಿದ್ದ.

ಬೀಳುವಾಗ ಆತುಕೊಳ್ಳಲು ಹೋಗಿ ಹಗ್ಗ ಹಿಡಿದವನ ಕೈಗೆ ಅದು ಎರಡು ಸುತ್ತು ಬರುವುದಿಲ್ಲ. ಫೋನು ಮನೆಯೊಳಗಿತ್ತು, ಏಳಲಾಗಿಲ್ಲ, ಕೂಗಲಾಗಿಲ್ಲ. ಊರೆಲ್ಲ ಕಣ್ಣಿಟ್ಟಿರುವ ವಸ್ತು ತಲೆಯ ಮೇಲೆ ಹಾರುತ್ತಿತ್ತು. ಎಳೆದ. ಬಿದ್ದ ಬಾವುಟ ನೋಡಿ ಯಾರಾದರೂ ಬರುತ್ತಾರೆಂದು ಎಳೆದ. ನಾವು ಅದನ್ನು ನೋಡಿಯೇ ಹೋಗಲಿಲ್ಲ.

ಟ್ಯಾನರ್‌ಗೂ ತಿಳಿಯಿತು. ನಾನು ಕತ್ತರಿ ತೆಗೆದು ಹಗ್ಗ ಕತ್ತರಿಸಿ, ಆ ಸುತ್ತುಗಳನ್ನು ಕೋಟಿನ ಜೇಬಿಗೆ ತುರುಕಿದೆ.

"ಯಾರಿಗೂ ಹೇಳ್ಬೇಡ ಕಣೋ. ಕೊರಿನ್‌ಗಂತೂ ಬೇಡವೇ ಬೇಡ."

"ಸುಳ್ಳು ಹೇಳ್ಬೇಕಾ?"

"ಸುಳ್ಳಲ್ಲ. ಸುಮ್ನಿರೋದು."

"ನಿಮಗೆ ಅದು ಚೆನ್ನಾಗಿ ಬರುತ್ತೆ ಬಿಡಿ," ಎಂದ. ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಹೊಡೆಸಿಕೊಳ್ಳಬೇಕಾದ್ದೇ.

ಆಮೇಲಿನ ದಿನಗಳು ಕೆಟ್ಟವು. ಊರವರು ಕೊರಿನ್‌ಳನ್ನು ಬೈಯಲಿಲ್ಲ. ಅಂಗಡಿಯಲ್ಲಿ ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು, ಅವಳು ಹೋದ ಮೇಲೆ ಶುರುವಾಗುತ್ತಿತ್ತು. ಅವಳು ಅದನ್ನು ಗಮನಿಸಿದಳೋ ಇಲ್ಲವೋ ಗೊತ್ತಿಲ್ಲ. ಅವಳ ಗಮನವೆಲ್ಲ ಪೇಜರಿನ ಮೇಲಿತ್ತು. ಪಾಠವಿಲ್ಲದ ಹೊತ್ತಿನಲ್ಲೆಲ್ಲ ಆಂಬುಲೆನ್ಸಿನ ಹಿಂದಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದಳು. ಕರೆ ಬರಲಿಲ್ಲ. ಬುಧವಾರ ಇಲ್ಲ, ಗುರುವಾರ ಇಲ್ಲ. ಲೀಸ್ ಪೆಲ್ಟಿಯೆಗೆ ನೋವು ಬಂದಾಗ ಗಂಡನೇ ಕಾರಿನಲ್ಲಿ ಕರೆದುಕೊಂಡು ಹೋದ, ಸುಖವಾಗಿ ಹೆರಿಗೆಯಾಯಿತು.

"ನಮ್ಮನ್ಯಾಕೆ ಕರೀಲಿಲ್ಲ ಅವ್ರು?" ಎಂದು ಕೊರಿನ್ ನನ್ನನ್ನು ಕೇಳಿದಳು.

"ಬೇಕಾಗ್ಲಿಲ್ಲ ಕಣೆ. ಒಳ್ಳೇದಲ್ವಾ?"

ಶುಕ್ರವಾರ ವೃದ್ಧಾಶ್ರಮದ ನರ್ಸ್ ನನಗೆ ಫೋನ್ ಮಾಡಿದಳು. ಡೇಗಲ್ ಹುಡುಗಿ ಬಂದು ಒಂದೊಂದು ಕೋಣೆಗೂ ಹೋಗಿ ಎಲ್ಲರ ನಾಡಿ ನೋಡಿದಳಂತೆ. ಎಲ್ಲರೂ ಚೆನ್ನಾಗಿದ್ದಾರೆ ಅಂದಾಗ ಅವಳ ಮುಖ ನೋಡೋಕಾಗ್ಲಿಲ್ಲ ಒಡೆಟ್, ನೀನು ಸ್ವಲ್ಪ ಮಾತಾಡು ಎಂದಳು. ನಾನು ಮಾತಾಡಲಿಲ್ಲ. ಏನೆಂದು ಮಾತಾಡಲಿ, ಜೇಬಿನಲ್ಲಿ ಹಗ್ಗ ಇಟ್ಟುಕೊಂಡು?

ಭಾನುವಾರ ಓರೆಲ್‌ನ ಅಂತ್ಯಪೂಜೆ. ಮೇಲೆ ಕೆಸರಿದ್ದರೂ ಕೆಳಗೆ ನೆಲ ಇನ್ನೂ ಹೆಪ್ಪುಗಟ್ಟಿ ಕಲ್ಲಾಗಿತ್ತು, ಗುಂಡಿ ತೋಡಲಾಗದು. ಮೇ ತಿಂಗಳವರೆಗೆ ಪೆಟ್ಟಿಗೆಯನ್ನು ಸ್ಮಶಾನದ ಕಲ್ಲುಕೋಣೆಯಲ್ಲಿ ಇಟ್ಟುಬಂದೆವು. ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಬ್ಲಾನ್ಶ್ ನನ್ನ ಪಕ್ಕ ಕೂತು ತನ್ನ ಎರಡು ಅಂಗೈ ನೋಡಿಕೊಳ್ಳುತ್ತಿದ್ದಳು. ಹುರುಳಿಗೋಧಿ ದೋಸೆಯ ಮೇಲೆ ಬೆಣ್ಣೆ ಸವರುತ್ತಿದ್ದೆ, ಆಗ ನೆಲ ಅದುರಿತು.

ಈ ಸಲ ನಿಜ. ಎಲ್ಲರೂ ದಡಕ್ಕೆ ಓಡಿದೆವು. ನದಿ ಬೆನ್ನು ಮುರಿದುಕೊಂಡು ಹೊರಟಿತ್ತು. ಮನೆಯಷ್ಟು ದೊಡ್ಡ ಹಿಮದ ಚಪ್ಪಡಿಗಳು ಒಂದರ ಮೇಲೊಂದು ಹತ್ತಿ ಸೇತುವೆಯ ಕಂಬಗಳಿಗೆ ಬಡಿದವು. ಸೇತುವೆ ನಡುಗಿತು, ನಿಂತಿತು. ಏನೂ ಆಗಲಿಲ್ಲ ಅದಕ್ಕೆ. ಕೆಂಪು ಬ್ಲಾಕ್ ಒಮ್ಮೆ ವಾಲಿ ಮುಳುಗಿತು.

ಆಗಲೇ ನನ್ನ ಎಡಗೈ ಭಾರವಾಯಿತು. ಮೊದಲು ಚಳಿ ಎಂದುಕೊಂಡೆ. ಆಮೇಲೆ ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತಂತಾಯಿತು. ಎಲ್ಲರೂ ನದಿ ನೋಡುತ್ತಿದ್ದರು. ಕೊರಿನ್ ಒಬ್ಬಳೇ ನನ್ನನ್ನು ನೋಡುತ್ತಿದ್ದಳು.

"ಮತಾಂತ್, ನಿಮ್ಮ ಬಣ್ಣ ಸರಿ ಇಲ್ಲ," ಎಂದಳು.

ಸಾಯುವವಳ ಕಣ್ಣಿಗೆ ಏನೇನೋ ಕಾಣುತ್ತದೆ ಎನ್ನಬಹುದು. ಆದರೆ ನಾನು ಕಂಡಿದ್ದು ನಿಜ. ಅವಳ ಮುಖದಲ್ಲಿ ಇದ್ದದ್ದು ಭಯವಲ್ಲ, ಸಂತೋಷ. ಐದು ದಿನದಿಂದ ಕಾಯುತ್ತಿದ್ದವರು ಬಾಗಿಲಿಗೆ ಬಂದಾಗ ಆಗುತ್ತದಲ್ಲ, ಅಂಥ ಸಂತೋಷ.

ಓಡಿಸುವವಳೇ ಬಿದ್ದಿದ್ದರಿಂದ ಟ್ಯಾನರ್ ಗಾಡಿ ಓಡಿಸಿದ. ದಾರಿಯಲ್ಲಿ ಎರಡು ಸಲ ನನ್ನ ಹೃದಯ ನಿಂತಿತಂತೆ. ಎರಡು ಸಲವೂ ಕೊರಿನ್ ಎದೆಗೆ ಯಂತ್ರವಿಟ್ಟು ವಿದ್ಯುತ್ ಹೊಡೆದು ಎಬ್ಬಿಸಿದಳು. ಕಣ್ಣು ಬಿಟ್ಟಾಗ ಅವಳ ಮುಖ ನನ್ನ ಮುಖದ ಮೇಲೇ ಇತ್ತು. "ನೀವೇ," ಎಂದಳು. "ನೀವೇ ಅದು."

ಆಗ ನನಗೆ ಅರ್ಥವಾಗಲಿಲ್ಲ. ಮನೆಗೆ ಬಂದ ಮೇಲೆ ಆಯಿತು, ಓರೆಲ್‌ಗೆ ಬದಲಾಗಿ ಅವಳ ಲೆಕ್ಕದಲ್ಲಿ ಉಳಿದ ಪ್ರಾಣ ನಾನು.

ಅವಳು ಪ್ರತಿದಿನ ಬರತೊಡಗಿದಳು. ಶಾಲೆಗೆ ಮುಂಚೆ ಒಮ್ಮೆ, ಬಿಟ್ಟ ಮೇಲೆ ಒಮ್ಮೆ. ಮಾತ್ರೆ ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ಬಚ್ಚಲಲ್ಲಿ ಬಚ್ಚಿಟ್ಟ ಸಿಗರೇಟು ಹುಡುಕಿ ಎಸೆದಳು. ಬೆಣ್ಣೆ ಇಲ್ಲದ ದೋಸೆ, ಉಪ್ಪಿಲ್ಲದ ಸೂಪು. ಮೆಟ್ಟಿಲು ಹತ್ತಬಾರದೆಂದು ಟ್ಯಾನರ್‌ಗೆ ಹೇಳಿ ನನ್ನ ಮಂಚ ಕೆಳಗಿಳಿಸಿದಳು. ಬೆರಳಿಟ್ಟು ನಾಡಿ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದಳು. "ಏನೇ, ನಾನೇನು ಹಂದಿಮರೀನಾ, ಹಬ್ಬಕ್ಕೆ ಸಾಕ್ತಿದೀಯಾ?" ಎಂದು ರೇಗಿಸಿದರೆ ನಗುತ್ತಿರಲಿಲ್ಲ. ಜೂನ್‌ನಲ್ಲಿ ಶಾಲೆ ಮುಗಿಯಿತು. ಕಾಲೇಜಿಗೆ ಹೋಗುವುದಿಲ್ಲ ಎಂದುಬಿಟ್ಟಳು. ಅವಳ ತಾಯಿ ನನ್ನ ಬಳಿ ಬಂದು ಅತ್ತಳು. "ನೀನಾದ್ರೂ ಹೇಳು ಒಡೆಟ್. ನಿನ್ನ ಬಿಟ್ಟು ಅಲ್ಲಾಡಲ್ಲ ಅಂತಾಳೆ."

ಹೇಳಬೇಕಾದ ಮಾತು ನನ್ನ ಬಳಿ ಇತ್ತು. ಅವತ್ತು ಹೋಗಿದ್ದರೂ ಸೇತುವೆ ಐದು ದಿನ ಗಟ್ಟಿಯಾಗೇ ಇತ್ತು. ಗಾಡಿ ಒಂದು ಗಂಟೆಯಲ್ಲಿ ವಾಪಸ್ ಬರುತ್ತಿತ್ತು. ಭಾನುವಾರ ನನಗೂ ಸಿಗುತ್ತಿತ್ತು. ಓರೆಲ್‌ನನ್ನು ಬಿಟ್ಟು ನನ್ನನ್ನು ಪಡೆದದ್ದಲ್ಲ, ಇಬ್ಬರೂ ಉಳಿಯಬಹುದಿತ್ತು. ಪ್ರತಿದಿನ ಅವಳ ಬೆರಳು ನನ್ನ ಮಣಿಕಟ್ಟಿನ ಮೇಲಿರುವಾಗ ಈ ಮಾತು ಗಂಟಲಿಗೆ ಬಂದು ನಿಲ್ಲುತ್ತಿತ್ತು. ಹೇಳಿದರೆ ಅವಳ ಕೈಯಲ್ಲಿ ಉಳಿಯುವುದು ಒಬ್ಬ ಸತ್ತ ಮುದುಕ ಮಾತ್ರ. ನುಂಗಿಕೊಳ್ಳುತ್ತಿದ್ದೆ.

ಸೆಪ್ಟೆಂಬರ್ ಕೊನೆಗೆ ಆಲೂಗಡ್ಡೆ ಕೀಳಲು ಶಾಲೆಗೆ ರಜೆ ಕೊಟ್ಟರು. ಅದೇ ವಾರ ನಾನು ಒಬ್ಬಳೇ ಹೃದಯದ ಡಾಕ್ಟರ ಬಳಿ ಹೋಗಿಬಂದೆ. ಅವರು ತುಂಬ ಹೊತ್ತು ಪರದೆ ನೋಡಿದರು. ಅರ್ಧಕ್ಕಿಂತ ಹೆಚ್ಚು ಭಾಗ ಕೆಲಸ ಬಿಟ್ಟಿದೆ, ಆಪರೇಷನ್ ತಡೆಯುವುದಿಲ್ಲ, ಈ ಚಳಿಗಾಲ ದಾಟಿದರೆ ಮತ್ತೆ ನೋಡೋಣ ಎಂದರು. ಆ ಕಾಗದವನ್ನು ಮಡಿಸಿ ಹಿಟ್ಟಿನ ಡಬ್ಬಿಯ ತಳಕ್ಕೆ ಹಾಕಿದೆ. ಹಗ್ಗದ ಸುತ್ತೂ ಅಲ್ಲೇ ಇತ್ತು.

ನವೆಂಬರ್‌ನಲ್ಲಿ ಒಂದು ಮಧ್ಯಾಹ್ನ ಕೊರಿನ್ ಒಂದು ಲಕೋಟೆ ಹಿಡಿದು ಬಂದಳು. ವಿಶ್ವವಿದ್ಯಾಲಯದವರು ಅದೇ ಪ್ರಶ್ನೆಯನ್ನು ಅದೇ ಮಕ್ಕಳಿಗೆ ಇನ್ನೊಮ್ಮೆ ಕಳಿಸಿದ್ದರು, ಉತ್ತರ ಬದಲಾಗಿದೆಯೇ ನೋಡಲು. ಕಾಗದವನ್ನು ನನ್ನ ಅಡುಗೆಮೇಜಿನ ಮೇಲೆ ಹರಡಿದಳು. ಚೌಕ ಖಾಲಿ ಇತ್ತು.

"ಬರೆಯಲ್ವಾ?" ಎಂದೆ.

"ಈಗಲ್ಲ. ಹತ್ತು ವರ್ಷ ಆಗ್ಲಿ."

"ಯಾಕೆ ಹತ್ತು?"

"ಓರೆಲ್ ಅಜ್ಜನ ಅಪ್ಪ ಎಂಬತ್ನಾಲ್ಕರವರೆಗೆ ಇದ್ರಂತೆ. ಇವ್ರೂ ಅಷ್ಟು ಇರ್ತಿದ್ರು ಅಂದ್ಕೊಂಡ್ರೆ ಇನ್ನು ಹತ್ತು ವರ್ಷ ಇತ್ತು. ನೀವು ಅದಕ್ಕಿಂತ ಒಂದು ದಿನ ಜಾಸ್ತಿ ಇರ್ಬೇಕು."

"ಕೊರಿನ್, ಕೇಳು ಪುಟ್ಟಿ. ಅವತ್ತಿನದ್ದು..."

"ಗೊತ್ತು ಮತಾಂತ್," ಎಂದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ಅವತ್ತು ಹೋಗಿದ್ರೂ ನಿಮ್ಮನ್ನ ಉಳಿಸ್ಬಹುದಿತ್ತು. ಆ ಲೆಕ್ಕ ನಾನು ಗಾಡಿಯಲ್ಲೇ ಮಾಡಿದ್ದೆ. ಹಗ್ಗದ್ದೂ ಗೊತ್ತು. ಟ್ಯಾನರ್ ಹೇಳಿದ."

ನಾನು ಕುರ್ಚಿ ಎಳೆದುಕೊಂಡು ಅವಳ ಎದುರು ಕೂತೆ. "ನಿಂದೊಬ್ಬಳದೇ ತಪ್ಪಲ್ಲ ಕಣೆ. ಎಸ್ಮೆ ನನ್ನ ಮುಖ ನೋಡಿದ್ಲು. ನಾನು ಹೆದರಿ ಕಿಟಕಿ ಕಡೆ ತಿರುಗ್ದೆ."

"ಅದನ್ನೂ ನೋಡಿದ್ದೆ."

"ಹಾಗಾದ್ರೆ ನನ್ನನ್ನ ಬಿಟ್ಬಿಡು ತಾಯಿ. ಓದೋಕೆ ಹೋಗು. ಬದುಕು."

"ಬಿಟ್ರೆ ನನ್ ಹತ್ರ ಏನಿದೆ?" ಎಂದಳು. ಮೊದಲ ಸಲ ಅವಳ ಗಲ್ಲ ನಡುಗಿತು. ಹದಿನೇಳು ವರ್ಷದ ಹುಡುಗಿ ಎಂಬುದು ನನಗೇ ಮರೆತುಹೋಗಿತ್ತು. "ನೀವೊಬ್ರೇ ಇರೋದು. ಹತ್ತು ವರ್ಷ ಅಷ್ಟೇ. ಆಗುತ್ತೆ ಅಲ್ವಾ?"

ಹಿಟ್ಟಿನ ಡಬ್ಬಿ ಅವಳ ಮೊಣಕೈಯ ಪಕ್ಕದಲ್ಲೇ ಇತ್ತು.

"ಹತ್ತೇನು ಮಹಾ," ಎಂದೆ. "ಹದಿನೈದು ಇರ್ತೀನಿ. ನಿನ್ನ ಮದ್ವೇಲಿ ಕುಣಿದು ನಿನ್ನ ಮರ್ಯಾದೆ ತೆಗೀತೀನಿ ನೋಡು."

ಅವಳು ಮೂಗು ಒರೆಸಿಕೊಂಡು ಪುಸ್ತಕ ತೆರೆದಳು. ಕಿಟಕಿಯಾಚೆ ನದಿಯ ಅಂಚು ಆಗಲೇ ಹೆಪ್ಪುಗಟ್ಟಿತ್ತು. ಟ್ಯಾನರ್ ಹೊಸ ಬ್ಲಾಕೊಂದನ್ನು ಕೈಗಾಡಿಯಲ್ಲಿಟ್ಟುಕೊಂಡು ದಡದತ್ತ ಎಳೆಯುತ್ತಿದ್ದ. ಕೊರಿನ್ ನನ್ನ ಮಣಿಕಟ್ಟು ಹಿಡಿದು ಎರಡು ಬೆರಳಿಟ್ಟು, ಗೋಡೆಯ ಗಡಿಯಾರದ ಕಡೆ ಕಣ್ಣು ನೆಟ್ಟು ಎಣಿಸತೊಡಗಿದಳು. ಅವಳ ತುಟಿಗಳು ಅಲುಗುತ್ತಿದ್ದವು. ಒಂದು, ಎರಡು, ಮೂರು, ನಾಲ್ಕು. ಹತ್ತರ ಆಚೆ ಎಲ್ಲೋ ಒಂದು ಬಡಿತ ತಪ್ಪಿತು. ನನಗೆ ಗೊತ್ತಾಯಿತು. ಅವಳ ಬೆರಳಿಗೂ ಗೊತ್ತಾಯಿತು, ಅದು ಬಿಗಿಯಾಯಿತು.

ಅವಳು ಮತ್ತೆ ಒಂದರಿಂದ ಎಣಿಸಲು ಶುರುಮಾಡಿದಳು.